ಗ್ರೀಕ್ ಹಾಸ್ಯನಾಟಕ ಆಡಿಸುವುದಾದರೆ ಹಳೆಯದೋ, ಹೊಸದೋ?

ಅಥೆನ್ಸ್‌ನಲ್ಲಿ ಮದ್ಯದ ದೇವರು ಡಯೊನೈಸಸ್‌ನ ಉತ್ಸವದ ಸ್ಪರ್ಧೆಗೆ ಹಾಸ್ಯನಾಟಕ ಸೇರಿದ್ದು ಕ್ರಿ.ಪೂ. 486ರ ಸುಮಾರಿಗೆ. ಪುರುಷಾಂಗದ ಪ್ರತಿಮೆ ಹೊತ್ತ ಮೆರವಣಿಗೆಯ ಹಾಡುಗಳೇ ಅದರ ಮೂಲ ಎನ್ನುತ್ತಾನೆ ಅರಿಸ್ಟಾಟಲ್. ಆ ಪೋಲಿತನ ಕ್ರಿ.ಪೂ. 5ನೇ ಶತಮಾನದ ನಾಟಕಕಾರ ಅರಿಸ್ಟೋಫನೀಸನ ಹಳೆಯ ಬಗೆಯಲ್ಲಿ ಹಾಗೇ ಉಳಿದಿದೆ. ಹಾಡಿ ಕುಣಿಯುವ 24 ಜನರ ಮೇಳ, ಹೆಸರು ಹಿಡಿದೇ ರಾಜಕಾರಣಿಗಳ ಗೇಲಿ, ನಡುವೆ ಕಥೆ ನಿಲ್ಲಿಸಿ ಮೇಳ ಪ್ರೇಕ್ಷಕರನ್ನೇ ನೇರ ಮಾತಾಡಿಸುವ ಪರಾಬಾಸಿಸ್. ಸಮಯ ಉಳಿಸಲು ಬಹಳ ತಂಡಗಳು ಕತ್ತರಿ ಹಾಕುವುದು ಇದಕ್ಕೇ. ನಾಟಕದ ಜೀವ ಹೋಗುವುದೂ ಅಲ್ಲೇ. ಇನ್ನೊಂದು ತೊಡಕು: ಅರಿಸ್ಟೋಫನೀಸ್ ಗೇಲಿ ಮಾಡಿದ ಅಥೆನ್ಸ್‌ನ ರಾಜಕಾರಣಿ ಕ್ಲಿಯೋನ್ ಯಾರೆಂದು ತಿಳಿಯದ ಪ್ರೇಕ್ಷಕ ನಗುವುದಿಲ್ಲ. ಹೆಸರು ಬದಲಿಸಿದರೆ ಸಾಲದು, ಗೇಲಿಯ ಕಾರಣವೂ ಇಂದಿನದಾಗಬೇಕು.

ಸುಮಾರು ನೂರು ವರ್ಷ ಆಮೇಲೆ ಬಂದ ಮೆನಾಂಡರನ ಹೊಸ ಬಗೆಯಲ್ಲಿ ಈ ಕಷ್ಟವಿಲ್ಲ. ಸಿಡುಕು ಮುದುಕ, ಚತುರ ಆಳು, ಪ್ರೇಮದಲ್ಲಿ ಬಿದ್ದ ಹುಡುಗ ಎಲ್ಲ ಊರಲ್ಲೂ ಇದ್ದಾರೆ. ಐದು ಅಂಕ, ಅಂಕಗಳ ನಡುವೆ ಮೇಳದ ಹಾಡಿಗೆ ಹಸ್ತಪ್ರತಿಯಲ್ಲಿ ಬರೀ ಸೂಚನೆಯಿದೆ, ಸಾಹಿತ್ಯವಿಲ್ಲ. ಆಯ್ಕೆ ಮಾತ್ರ ಕಡಿಮೆ: ಹೆಚ್ಚುಕಡಿಮೆ ಪೂರ್ತಿ ಸಿಕ್ಕಿರುವುದು 1958ರಲ್ಲಿ ಪ್ರಕಟವಾದ ‘ಡಿಸ್ಕೊಲೊಸ್’ (ಸಿಡುಕ) ಒಂದೇ. ಅರಿಸ್ಟೋಫನೀಸನವು 11 ಉಳಿದಿವೆ.

ಹತ್ತು ಜನರ ತಂಡಕ್ಕೆ ಮೆನಾಂಡರ್ ಸಾಕು. ಹಾಡಿ ಕುಣಿಯುವವರು ಕೈಲಿದ್ದರೆ ಅರಿಸ್ಟೋಫನೀಸನನ್ನು ಬಿಡಲೇಬೇಡಿ.