ಪಿಕಾ ನೋಡಲು ಮೈಸೂರಿನಿಂದ ತುಂಗನಾಥಕ್ಕೆ: ಒಂದು ಪ್ರವಾಸದ ವಿಮರ್ಶೆ

ಮೈಸೂರಿನಲ್ಲಿ ಪಕ್ಷಿವೀಕ್ಷಣೆ ಮತ್ತು ನಿಸರ್ಗ ಪ್ರವಾಸಗಳನ್ನು ನಡೆಸುವ ಒಂದು ಸಣ್ಣ ಸಂಸ್ಥೆಯು ಕಳೆದ ಅಕ್ಟೋಬರಿನಲ್ಲಿ, ದಸರಾ ಮುಗಿದ ಮರುವಾರ, ಉತ್ತರಾಖಂಡದ ಚೋಪ್ತಾ ಮತ್ತು ತುಂಗನಾಥಕ್ಕೆ ಎಂಟು ದಿನಗಳ ಪ್ರವಾಸವನ್ನು ಏರ್ಪಡಿಸಿತ್ತು. ಹಿಮಾಲಯಕ್ಕೆ ಕರೆದೊಯ್ಯುವವರು ನಮ್ಮೂರಿನಲ್ಲಿ ಅನೇಕರಿದ್ದಾರೆ. ಆದರೆ ಈ ಪ್ರವಾಸದ ಪ್ರಕಟಣೆಯಲ್ಲಿ ಕೇದಾರ, ಬದರಿಗಳ ಚಿತ್ರವಿರಲಿಲ್ಲ. ಬಂಡೆಯೊಂದರ ಮೇಲೆ ಕುಳಿತ, ಗೇಣುದ್ದವೂ ಇರದ, ಬಾಲವೇ ಕಾಣದ ಪ್ರಾಣಿಯೊಂದರ ಚಿತ್ರವಿತ್ತು. ಅದು ಪಿಕಾ. ಅದನ್ನು ನೋಡಲೆಂದೇ ನಾನೂ ಮಂಡ್ಯದಲ್ಲಿರುವ ನನ್ನ ಅಕ್ಕನೂ ಹಣ ಕಟ್ಟಿದೆವು. ವಿಮಾನದ ಖರ್ಚು ಬಿಟ್ಟು ತಲಾ 34,000 ರೂಪಾಯಿ; ತಂಡದಲ್ಲಿ ಹದಿನಾಲ್ಕು ಜನ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳುವ ಕೊರತೆಗಳನ್ನೆಲ್ಲ ಅವರಿಗೇ ಪತ್ರ ಬರೆದು ತಿಳಿಸಿದ್ದೇನೆ. ಇಂಥ ಪ್ರವಾಸವನ್ನು ಯಾರೇ ನಡೆಸಲಿ, ಹಣ ಕಟ್ಟುವ ಮೊದಲು ಏನನ್ನು ಕೇಳಿ ತಿಳಿಯಬೇಕು ಎಂಬುದು ಓದುಗರಿಗೆ ಸಿಕ್ಕಿದರೆ ಈ ಬರಹದ ಉದ್ದೇಶ ಈಡೇರುತ್ತದೆ.

ಹೊರಡುವ ಮೊದಲು ಮೂರು ಭಾನುವಾರ ಕುವೆಂಪುನಗರದ ಒಂದು ಮನೆಯ ಮಹಡಿಯಲ್ಲಿ ತರಗತಿಗಳು ನಡೆದವು. ಕೊಟ್ಟ ಹಣದ ಅರ್ಧ ಪಾಲು ಅಲ್ಲಿಯೇ ತೀರಿತು ಎಂದು ನನಗೆ ಈಗಲೂ ಅನಿಸುತ್ತದೆ. ತಂಡದ ಮುಖ್ಯಸ್ಥರು ಮದ್ದೂರಿನ ಕಡೆಯ ತರುಣರು; ಅವಸರವಿಲ್ಲದೆ, ನಮ್ಮ ಬದುಕಿನಲ್ಲಿ ಇರುವುದನ್ನೇ ಎತ್ತಿಕೊಂಡು ವಿವರಿಸುವ ಕಲೆ ಅವರಿಗೆ ಒಲಿದಿದೆ. ಪಿಕಾ ನೋಡಲು ಇಲಿಯಂತಿದ್ದರೂ ಅದು ಮೊಲದ ಬಳಗಕ್ಕೆ ಸೇರಿದ್ದು, ಏಷ್ಯಾ ಮತ್ತು ಉತ್ತರ ಅಮೆರಿಕಗಳಲ್ಲಿ ಇದರ ಸುಮಾರು 30 ಪ್ರಭೇದಗಳಿವೆ, ಚಳಿಗಾಲದಲ್ಲಿ ಕರಡಿಯಂತೆ ದೀರ್ಘ ನಿದ್ರೆಗೆ ಜಾರದೆ ಎಚ್ಚರವಾಗಿಯೇ ಇರುತ್ತದೆ ಎಂಬಲ್ಲಿಂದ ಅವರು ಆರಂಭಿಸಿದರು. ಎಚ್ಚರವಾಗಿರಬೇಕಾದರೆ ಚಳಿಗಾಲದಲ್ಲೂ ಹೊಟ್ಟೆಗೆ ಬೇಕು. ಅಮೆರಿಕದ ಪಿಕಾ ಬೇಸಿಗೆಯಲ್ಲಿ ಹುಲ್ಲು, ಎಲೆ, ಹೂವುಗಳನ್ನು ಕತ್ತರಿಸಿ ಬಾಯಲ್ಲಿ ಕಚ್ಚಿ ತಂದು ಬಂಡೆಗಳ ಸಂದಿನಲ್ಲಿ ಒಟ್ಟುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಅಕ್ಕ, "ಅಂದ್ರೆ ಮೆದೆ ಹಾಕ್ತದೆ" ಎಂದಳು. ಮುಖ್ಯಸ್ಥರು ಆ ಮಾತನ್ನು ಬಿಡಲಿಲ್ಲ. ಹಸಿ ಹುಲ್ಲನ್ನು ಮೆದೆ ಹಾಕಿದರೆ ಏನಾಗುತ್ತದೆ ಎಂದು ಅವಳನ್ನೇ ಕೇಳಿದರು. ಬೂಷ್ಟು ಹಿಡಿದು ಕೊಳೆಯುತ್ತದೆ ಎಂಬುದು ಅವಳಿಗೆ ಗೊತ್ತು. ಪಿಕಾ ಆ ತೊಂದರೆಗೆ ಕಂಡುಕೊಂಡಿರುವ ಉಪಾಯವನ್ನು ಆಗ ಹೇಳಿದರು: ಒಗರು ಹೆಚ್ಚಿರುವ, ತಕ್ಷಣ ತಿಂದರೆ ಒಗ್ಗದ ಕೆಲವು ಎಲೆಗಳನ್ನು ಅದು ಬೇಕೆಂದೇ ಹೆಚ್ಚಾಗಿ ಸೇರಿಸುತ್ತದೆ, ಆ ಒಗರಿನ ಅಂಶವೇ ಮೆದೆಯನ್ನು ಕೊಳೆಯದಂತೆ ಕಾಯುತ್ತದೆ, ತಿಂಗಳುಗಳು ಕಳೆದು ಒಗರು ಇಳಿದ ಮೇಲೆ ಆ ಎಲೆಗಳೂ ಆಹಾರವಾಗುತ್ತವೆ. ಮನೆಗೆ ಮರಳುವಾಗ ಅಕ್ಕ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದಳು.

ಶಾಖದ ವಿಷಯವನ್ನೂ ಅವರು ಹೀಗೆಯೇ ತಿಳಿಯಪಡಿಸಿದರು. ಅಮೆರಿಕದ ಪಿಕಾದ ಮೈಶಾಖ ಸಹಜವಾಗಿಯೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಸುಮಾರು ಮೂರು ಡಿಗ್ರಿ ಏರಿದರೆ ಜೀವಕ್ಕೇ ಅಪಾಯ. ದಟ್ಟ ತುಪ್ಪಳದಿಂದಾಗಿ ಒಳಗಿನ ಶಾಖ ಬೇಗ ಹೊರಹೋಗುವುದಿಲ್ಲ. ಆದ್ದರಿಂದ ಬಿಸಿಲೇರಿದಾಗ ಬಂಡೆಗಳ ಅಡಿಯ ತಂಪಿಗೆ ಇಳಿಯುವುದೊಂದೇ ಅದಕ್ಕಿರುವ ದಾರಿ. 1970ರ ದಶಕದ ಪ್ರಯೋಗಗಳಲ್ಲಿ, ಹಾಗೆ ಇಳಿಯಲು ಅವಕಾಶವಿಲ್ಲದ ಪಿಕಾಗಳು 25.5 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಕೆಲವೇ ಗಂಟೆಗಳಲ್ಲಿ ಸತ್ತಿದ್ದವು. ನಮ್ಮ ಮೈಸೂರಿನಲ್ಲಿ ಹಿತವೆನ್ನಿಸುವ ಡಿಸೆಂಬರಿನ ಮಧ್ಯಾಹ್ನವೂ ಇದಕ್ಕಿಂತ ಬಿಸಿಯಾಗಿರುತ್ತದೆ. ಹವೆ ಬಿಸಿಯಾದರೆ ಚಳಿಗಾಲವಾದರೂ ಸುಲಭವಾಗುತ್ತದಲ್ಲವೇ ಎಂದು ತಂಡದ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದ ಪ್ರಶ್ನೆಗೂ ಒಳ್ಳೆಯ ಉತ್ತರ ಸಿಕ್ಕಿತು. ಬಂಡೆರಾಶಿಯ ಮೇಲೆ ಬೀಳುವ ದಪ್ಪ ಹಿಮ ಕಂಬಳಿಯಂತೆ ಕೆಲಸ ಮಾಡಿ ಒಳಗಿನ ಸಂದುಗಳನ್ನು ಕೊರೆಯುವ ಗಾಳಿಯಿಂದ ಕಾಪಾಡುತ್ತದೆ. ಹಿಮ ಕಡಿಮೆಯಾದರೆ ಕಂಬಳಿಯೇ ಇಲ್ಲದಂತಾಗಿ, ಬೇಸಿಗೆಯಲ್ಲಿ ಬಿಸಿಲಿಗೆ ಬಳಲಿದ ಪ್ರಾಣಿ ಚಳಿಗಾಲದಲ್ಲಿ ಚಳಿಗೂ ಸಿಲುಕುತ್ತದೆ.

ಇದಲ್ಲದೆ ಎರಡು ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿಸಿದರು. ಕಾಲಿಗೆ ಅಭ್ಯಾಸವಾಗಲೆಂದು ನಾವು ಭಾವಿಸಿದ್ದೆವು. ಅವರ ಉದ್ದೇಶ ಇನ್ನೊಂದಿತ್ತು. ನಂದಿಯ ಸಮೀಪ ಬಂಡೆಯೊಂದರ ಎದುರು ನಮ್ಮನ್ನು ಇಪ್ಪತ್ತು ನಿಮಿಷ ಮಾತಿಲ್ಲದೆ ಕೂರಿಸಿದರು. ಮೊದಲ ಹತ್ತು ನಿಮಿಷ ಏನೂ ಇರಲಿಲ್ಲ. ಆಮೇಲೆ ಬಂಡೆಯ ಬಿರುಕಿನಿಂದ ಒಂದು ಓತಿಕ್ಯಾತ ಹೊರಬಂದು ಕತ್ತೆತ್ತಿ ಬಿಸಿಲು ಕಾಯಿಸಿಕೊಂಡಿತು. ಕಲ್ಲಿನ ನಡುವೆ ಬಾಳುವ ಪ್ರಾಣಿಯನ್ನು ನೋಡಲು ಹೊರಟವರಿಗೆ ಇದಕ್ಕಿಂತ ಉತ್ತಮ ಪಾಠವಿರಲಾರದು.

ಆದರೆ ತರಗತಿಯಲ್ಲಿ ಹಂಚಿದ ಕೈಹೊತ್ತಗೆ ಮಾತಿನ ಮಟ್ಟಕ್ಕೆ ಏರಿರಲಿಲ್ಲ. ತುಂಗನಾಥದಲ್ಲಿ ಕಾಣುವುದು ರಾಯ್ಲ್ ಪಿಕಾ ಎಂಬ ಪ್ರಭೇದ. ಸಸ್ಯವಿಜ್ಞಾನಿ ಜಾನ್ ಫೋರ್ಬ್ಸ್ ರಾಯ್ಲ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಕೈಹೊತ್ತಗೆ ಇದನ್ನು "ಅಳಿವಿನಂಚಿನಲ್ಲಿರುವ ಪ್ರಾಣಿ" ಎಂದು ಕರೆದಿದೆ. ಅದು ತಪ್ಪು. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ರಾಯ್ಲ್ ಪಿಕಾ ಸದ್ಯಕ್ಕೆ ಕನಿಷ್ಠ ಆತಂಕದ ವರ್ಗದಲ್ಲಿದೆ. ನಿಜವಾಗಿಯೂ ಅಳಿವಿನಂಚಿನಲ್ಲಿರುವುದು ಚೀನಾದ ಶಿನ್‌ಜಿಯಾಂಗ್‌ನ ತಿಯಾನ್‌ಶಾನ್ ಪರ್ವತಗಳ ಇಲಿ ಪಿಕಾ. ಇಲ್ಲಿ ಇಲಿ ಎಂಬುದು ನಮ್ಮ ಮೂಷಿಕವಲ್ಲ, ಆ ಪ್ರದೇಶದ ಹೆಸರು. 1983ರಲ್ಲಿ ಲಿ ವೈದೊಂಗ್ ಅವರ ಕಣ್ಣಿಗೆ ಬಿದ್ದ ಈ ಪ್ರಾಣಿಯ ಸಂಖ್ಯೆ ಇಂದು ಸಾವಿರಕ್ಕಿಂತ ಕಡಿಮೆಯೆಂದು ಅಂದಾಜಿಸಲಾಗಿದೆ. ಅಮೆರಿಕದ ವಿಷಯದಲ್ಲೂ ಹೊತ್ತಗೆ ಅರ್ಧ ಮಾತ್ರ ಹೇಳುತ್ತದೆ. ಅಲ್ಲಿನ ಗ್ರೇಟ್ ಬೇಸಿನ್ ಪ್ರದೇಶದಲ್ಲಿ ಹಿಂದೆ ಪಿಕಾ ದಾಖಲಾಗಿದ್ದ 25 ತಾಣಗಳ ಪೈಕಿ 7ರಲ್ಲಿ ಅದು ಉಳಿದಿಲ್ಲವೆಂದು ಎರಿಕ್ ಬೀವರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದನ್ನು ಉಲ್ಲೇಖಿಸಿದವರು, 2010ರಲ್ಲಿ ಅಲ್ಲಿನ ಸರ್ಕಾರ ಆ ಪ್ರಭೇದವನ್ನು ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಸೇರಿಸಲು ನಿರಾಕರಿಸಿತೆಂಬುದನ್ನು ಬಿಟ್ಟಿದ್ದಾರೆ. ಎರಡನ್ನೂ ಹೇಳಿದರೆ ಓದುಗರ ಕಾಳಜಿ ಕಡಿಮೆಯಾಗುತ್ತದೆಂಬ ಭಯ ಬೇಡ. ಬಿಸಿಯಾದ, ತಗ್ಗಿನ ತಾಣಗಳಲ್ಲಿ ಪಿಕಾ ಕಾಣೆಯಾಗುತ್ತಿದೆ, ತಂಪಾದ ಸಂದುಗಳಿರುವಲ್ಲಿ ಇನ್ನೂ ಹಿಡಿದುಕೊಂಡಿದೆ ಎಂಬ ಪೂರ್ಣ ಚಿತ್ರವೇ ಅದರ ಸ್ಥಿತಿಯನ್ನು ಸರಿಯಾಗಿ ತಿಳಿಸುತ್ತದೆ. ಇನ್ನೊಂದು ಕೊರತೆ ನನಗೆ ವೈಯಕ್ತಿಕವಾಗಿ ನೋವು ತಂದಿತು. ಸಿಕ್ಕಿಂ ಪಿಕಾ ಒಂದು ಪ್ರತ್ಯೇಕ ಪ್ರಭೇದವೆಂದು ವಂಶವಾಹಿಗಳ ಹೋಲಿಕೆಯ ಮೂಲಕ 2016ರಲ್ಲಿ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನಿಷ್ಮಾ ದಹಾಲ್ ಮತ್ತು ಉಮಾ ರಾಮಕೃಷ್ಣನ್ ಅವರಿದ್ದಾರೆ. ನಮ್ಮಿಂದ ಮೂರು ಗಂಟೆಯ ದಾರಿಯಲ್ಲಿ ನಡೆದ ಈ ಕೆಲಸದ ಬಗ್ಗೆ ಮೈಸೂರಿನವರೇ ಬರೆದ ಹೊತ್ತಗೆಯಲ್ಲಿ ಒಂದು ಸಾಲೂ ಇಲ್ಲ.

ಪ್ರಯಾಣ, ಊಟ, ವಸತಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡೆಹ್ರಾಡೂನ್‌ನಿಂದ ದೇವಪ್ರಯಾಗ, ರುದ್ರಪ್ರಯಾಗ, ಊಖೀಮಠದ ಮೂಲಕ ಚೋಪ್ತಾ ತಲುಪಿದೆವು. ಚಾಲಕರು ನಿಧಾನಿಗಳು, ವಾಹನ ಚೊಕ್ಕಟವಾಗಿತ್ತು. ಅನ್ನ ಸಾರು ಕೇಳಿದವರಿಗೆ ಅನ್ನ ಸಾರು ಸಿಕ್ಕಿತು. ಹಾಸಿಗೆ ಬೆಚ್ಚಗಿತ್ತು, ಬಿಸಿನೀರು ಬೆಳಿಗ್ಗೆ ಒಂದು ಬಕೆಟ್ ಮಾತ್ರ.

ನಿಜವಾದ ತೊಂದರೆ ವಸತಿ ಇದ್ದ ಜಾಗದ್ದು. ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ತುಂಗನಾಥ ದೇವಾಲಯ 3,680 ಮೀಟರ್‌ನಲ್ಲಿ. ನಡುವೆ ಕಲ್ಲುಹಾಸಿನ ಮೂರೂವರೆ ಕಿಲೋಮೀಟರ್ ಏರುದಾರಿ. ರಾಯ್ಲ್ ಪಿಕಾ ಚುರುಕಾಗಿ ಓಡಾಡುವುದು ಬೆಳಗಿನ ಹಾಗೂ ಸಂಜೆಯ ತಂಪಿನಲ್ಲಿ. ಮೊದಲ ದಿನ ತಿಂಡಿ ಮುಗಿಸಿ ಎಂಟು ಗಂಟೆಗೆ ಹೊರಟ ನಾವು ದೇವಾಲಯದ ಕೆಳಗಿನ ಬಂಡೆರಾಶಿಯನ್ನು ತಲುಪಿದಾಗ ಹನ್ನೊಂದಾಗಿತ್ತು. ಮೈಸೂರಿನ ತರಗತಿಯಲ್ಲಿ ಕಲಿಸಿದ್ದಕ್ಕೆ ತದ್ವಿರುದ್ಧವಾದ ಸಮಯ ಅದು. ಬಿಸಿಲು ಕಲ್ಲಿನ ಮೇಲೆ ನಿಂತಿತ್ತು, ಹೇಸರಗತ್ತೆಗಳ ಗಂಟೆ, ಯಾತ್ರಿಕರ ಜೈಕಾರ ನಡೆದೇ ಇತ್ತು. ಇದಕ್ಕಿಂತ ಕೆಟ್ಟದ್ದೆಂದರೆ, ಮುಂದೆ ಹೋಗಿದ್ದ ನಮ್ಮವರೇ ನಾಲ್ವರು ಆ ಬಂಡೆಗಳ ಮೇಲೆ ಹತ್ತಿ, ಸಂದುಗಳಿಗೆ ಮೊಬೈಲ್ ತೂರಿಸಿ, "ಬಾ ಬಾ" ಎಂದು ಕರೆಯುತ್ತಿದ್ದರು. ತಡೆಯಬೇಕಾಗಿದ್ದ ಮುಖ್ಯಸ್ಥರು, ಮೊಣಕಾಲು ನೋವಿನ ಅಕ್ಕನ ಜೊತೆ ಅರ್ಧ ಗಂಟೆ ಹಿಂದೆ ಇದ್ದರು. ಅವರನ್ನು ದೂರಲಾರೆ, ಹದಿನಾಲ್ಕು ಜನಕ್ಕೆ ಒಬ್ಬರೇ ಮುಖ್ಯಸ್ಥರನ್ನು ಕಳಿಸಿದ ಏರ್ಪಾಡಿನ ದೋಷ ಅದು. ನಾವು ಹಾಕಿದ ಹೆಜ್ಜೆಗೆ ಸಣ್ಣ ಕಲ್ಲೊಂದು ಜಾರಿ ಸಂದಿನೊಳಗೆ ಉರುಳಿ ಹೋದ ಸದ್ದು ನನಗೆ ನೆನಪಿದೆ. ಯಾರ ಮನೆಯ ಮೇಲೆ ನಿಂತಿದ್ದೇವೆಂಬುದು ನಮಗೆ ಹೊಳೆಯಲೇ ಇಲ್ಲ. ಆ ದಿನ ಪಿಕಾ ಕಾಣಲಿಲ್ಲ.

ರಾತ್ರಿ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿ ನೇರವಾಗಿ ತಪ್ಪೊಪ್ಪಿಕೊಂಡರು, ಮರುದಿನದ ಕ್ರಮವನ್ನು ಬದಲಿಸಿದರು. ಏಳು ಜನರ ಎರಡು ತಂಡ. ಒಂದಕ್ಕೆ ಅವರು, ಇನ್ನೊಂದಕ್ಕೆ ಊಖೀಮಠದ ಬಳಿಯ ಹಳ್ಳಿಯ ಮಾರ್ಗದರ್ಶಕ. ಅಕ್ಕನೂ ಬರುತ್ತೇನೆಂದಳು. ಟಾರ್ಚ್ ಹಿಡಿದು ಮೂರೂವರೆಗೆ ಹೊರಟ ನಮ್ಮ ತಂಡ ಆರೂವರೆಗೆ ಬಂಡೆರಾಶಿಯಿಂದ ಹದಿನೈದು ಹೆಜ್ಜೆ ದೂರದಲ್ಲಿ, ಚಾಮುಂಡಿ ಬೆಟ್ಟದಲ್ಲಿ ಕುಳಿತಂತೆ ಕುಳಿತಿತ್ತು. ಎದುರಿನ ಚೌಖಂಬಾ ಶಿಖರದ ನೆತ್ತಿಗೆ ಮಾತ್ರ ಬಿಸಿಲು ತಾಗಿತ್ತು. ಎರಡು ಬಂಡೆಗಳ ನಡುವಿನ ಕತ್ತಲಲ್ಲಿ ಮೊದಲು ಕಂಡದ್ದು ಮೀಸೆ. ಅದು ನಡುಗುತ್ತಿತ್ತು. ಆಮೇಲೆ ಮೂಗು, ದುಂಡನೆಯ ಕಿವಿಗಳು, ಕಂದುಗೆಂಪು ಮಾಸತೊಡಗಿದ ತಲೆ. ಇಡೀ ಮೈ ಹೊರಬಂದಾಗ ಅದು ಬಂಡೆಯ ಮೇಲಿಟ್ಟ ಬೂದು ಉಣ್ಣೆಯ ಉಂಡೆಯಂತಿತ್ತು. ಒಂದೇ ಓಟಕ್ಕೆ ಕೆಳಗಿಳಿದು, ಒಣಗುತ್ತಿದ್ದ ಗಿಡದ ದಂಟೊಂದನ್ನು ಕತ್ತರಿಸಿ, ಅಡ್ಡಲಾಗಿ ಬಾಯಲ್ಲಿ ಕಚ್ಚಿಕೊಂಡು ಮೇಲೇರಿತು. ಸಂದಿನ ಬಾಯಿ ಕಿರಿದಾಗಿದ್ದರಿಂದ ದಂಟು ಎರಡೂ ಕಡೆ ಸಿಕ್ಕಿಕೊಂಡಿತು. ಅದು ತಡೆದು ನಿಂತು, ತಲೆಯನ್ನು ಓರೆ ಮಾಡಿ, ದಂಟಿನ ಒಂದು ತುದಿಯನ್ನು ಮೊದಲು ಒಳಗೆ ತೂರಿಸಿ ನುಗ್ಗಿತು. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನಲವತ್ತು ನಿಮಿಷಗಳಲ್ಲಿ ಅದು ಹನ್ನೊಂದು ಬಾರಿ ಹೊರಬಂದು ಹೋಯಿತು. ಕಲ್ಲಿಗೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಮರೆಯಾಯಿತು.

ಈ ನಡುವೆ ನಮ್ಮಲ್ಲೊಬ್ಬರು ಬಿಸ್ಕತ್ತು ಮುರಿದು ಬಂಡೆಯ ಕಡೆಗೆ ಎಸೆದರು. ಮುಖ್ಯಸ್ಥರು ಏನೂ ಹೇಳದೆ ಎದ್ದು, ಪ್ರತಿ ತುಣುಕನ್ನೂ ಹೆಕ್ಕಿ ಜೇಬಿಗೆ ಹಾಕಿಕೊಂಡು ಬಂದು ಕುಳಿತರು. ಚಹಾದ ಹೊತ್ತಿಗೆ ಕಾರಣ ಹೇಳಿದರು: ತಿಂಡಿಗೆ ಕಾಗೆ, ನಾಯಿ, ನರಿಗಳು ಬರುತ್ತವೆ, ಪಿಕಾ ಅವುಗಳ ಬಾಯಿಗೆ ಬೀಳುತ್ತದೆ, ಅಷ್ಟೇ ಅಲ್ಲದೆ ತಿಂಡಿಯ ಆಸೆಗೆ ಬಿಸಿಲಿನಲ್ಲಿ ಹೊರಬರುವುದನ್ನು ಅದು ಕಲಿಯುತ್ತದೆ. ಸೇವೆಯ ಗುಣಮಟ್ಟವನ್ನು ಅಳೆಯಲು ನನಗೆ ಆ ಒಂದು ನಡೆ ಸಾಕಾಗಿತ್ತು. ಹದಿನಾಲ್ಕು ಜನಕ್ಕೆ ಎರಡೇ ಬೈನಾಕ್ಯುಲರ್ ತಂದಿದ್ದರೆಂಬುದನ್ನು ಮಾತ್ರ ಒಪ್ಪಲಾಗದು. ಪಕ್ಷಿವೀಕ್ಷಣೆ ನಡೆಸುವ ಸಂಸ್ಥೆಗೆ ಇನ್ನೂ ನಾಲ್ಕು ಒದಗಿಸುವುದು ಕಷ್ಟವೇನಲ್ಲ.

ಅಂದು ದೇವಾಲಯದ ಮೇಲಿರುವ ಬೆಟ್ಟದ ತುದಿ ಚಂದ್ರಶಿಲೆಯವರೆಗೂ ಹೋದೆವು. ಅಕ್ಕ ದೇವಾಲಯದಲ್ಲೇ ಉಳಿದಳು. ಮಾರ್ಗದರ್ಶಕರು ಅವಳ ಬಳಿ ಕುಳಿತು, "ದೀದಿ, ನನ್ನ ಚಿಕ್ಕಂದಿನಲ್ಲಿ ಇಲ್ಲಿ ಹಿಮ ಬಹಳ ದಿನ ನಿಲ್ಲುತ್ತಿತ್ತು" ಎಂದು ಮಾತು ತೆಗೆದು, ಯಾವ ಬಂಡೆಯವರೆಗೆ ಯಾವ ತಿಂಗಳಲ್ಲಿ ಹಿಮ ಇರುತ್ತಿತ್ತೆಂದು ಬೆರಳು ಮಾಡಿ ತೋರಿಸಿದರಂತೆ. ಒಬ್ಬರ ನೆನಪು ಅಳತೆಗೋಲಲ್ಲ, ನಿಜ. ಆದರೂ ಅಂಥ ಮಾತುಗಳನ್ನು ಇಡೀ ತಂಡಕ್ಕೆ ಕನ್ನಡದಲ್ಲಿ ತಿಳಿಸುವ ಒಂದು ಸಂಜೆಯನ್ನು ಸಂಸ್ಥೆ ಇಟ್ಟಿರಬೇಕಿತ್ತು. ಹಿಂದಿ ಬಾರದ ಐದಾರು ಜನಕ್ಕೆ ಅದು ತಪ್ಪಿಹೋಯಿತು. ಚಂದ್ರಶಿಲೆ ಸುಮಾರು 4,000 ಮೀಟರ್. ಶಾಖ ಏರಿದಂತೆ ಬೆಟ್ಟದ ಪ್ರಾಣಿಗಳು ಮೇಲೆ ಮೇಲೆ ಸರಿಯುತ್ತವೆಂದು ತರಗತಿಯಲ್ಲಿ ಕೇಳಿದ್ದೆ. ದೇವಾಲಯದಿಂದ ಅಲ್ಲಿಗೆ ಉಳಿದಿದ್ದ ಎತ್ತರವನ್ನು ನನ್ನ ಕಾಲುಗಳೇ ಅಳೆದವು: ಒಂದು ಗಂಟೆಯ ನಡಿಗೆಯೊಳಗೆ ಬೆಟ್ಟವೇ ಮುಗಿದಿತ್ತು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಅಲ್ಲಿ ನಿಂತಾಗ.

ಮಕ್ಕಳೊಡನೆ ಹೋಗುವವರಿಗೆ, ಹಿಮದಲ್ಲಿ ಆಡಬೇಕೆನ್ನುವವರಿಗೆ ಈ ಪ್ರವಾಸ ಹೊಂದುವುದಿಲ್ಲ. ಅಲುಗದೆ ಕೂರಬಲ್ಲವರು, ಒಂದು ಸಣ್ಣ ಜೀವ ದಿನವನ್ನು ಹೇಗೆ ಕಳೆಯುತ್ತದೆಂದು ನೋಡುವ ತಾಳ್ಮೆಯುಳ್ಳವರು ಖಂಡಿತ ಹೋಗಬೇಕು. ಹಣ ಕಟ್ಟುವ ಮೊದಲು ಒಬ್ಬ ಮುಖ್ಯಸ್ಥರಿಗೆ ಎಷ್ಟು ಜನ, ಬಂಡೆರಾಶಿಯ ಬಳಿ ತಲುಪುವುದು ಎಷ್ಟು ಗಂಟೆಗೆ, ರಾತ್ರಿ ತಂಗುವುದು ಎಲ್ಲಿ ಎಂದು ವಿಚಾರಿಸಿಕೊಳ್ಳಿ. ದೇವಾಲಯದ ಬಳಿಯಲ್ಲೇ ಸರಳವಾದ ಕೋಣೆಗಳು ಸಿಗುತ್ತವೆ. ಒಂದು ರಾತ್ರಿ ಅಲ್ಲಿ ಉಳಿದರೆ ಮೊಣಕಾಲು ನೋವಿನವರೂ ನಿದ್ದೆಗೆಡದೆ ಬೆಳಗಿನ ಪಿಕಾವನ್ನು ನೋಡಬಹುದು.

ನನ್ನ ಪತ್ರಕ್ಕೆ ಸಂಸ್ಥೆಯವರು ಉತ್ತರಿಸಿ, ಕೈಹೊತ್ತಗೆಯನ್ನು ತಿದ್ದುತ್ತಿರುವುದಾಗಿಯೂ ಮೇ ತಿಂಗಳ ತಂಡವನ್ನು ಎಂಟು ಜನಕ್ಕೆ ಮಿತಿಗೊಳಿಸುವುದಾಗಿಯೂ ತಿಳಿಸಿದ್ದಾರೆ. ಅಕ್ಕನೂ ನಾನೂ ಹೆಸರು ಕೊಟ್ಟಿದ್ದೇವೆ, ಮೇಲೆಯೇ ತಂಗುವುದಾದರೆ ಮಾತ್ರ ಎಂಬ ಷರತ್ತಿನೊಡನೆ. ಅಕ್ಕ ಈ ಸಲ ಬೈನಾಕ್ಯುಲರನ್ನು ತಾನೇ ಕೊಂಡಿದ್ದಾಳೆ. ಮಂಡ್ಯದ ಮನೆಯ ಹಿತ್ತಲಿನ ಮೆದೆಗೆ ಬರುವ ಅಳಿಲನ್ನು ನೋಡುತ್ತ ಅದಕ್ಕೆ ಕೈ ಹೊಂದಿಸಿಕೊಳ್ಳುತ್ತಿದ್ದಾಳೆ.