ಖಾಲಿ ಬ್ಯಾಗ್ ನೋಡಿ ಮರುಳಾಗಬೇಡಿ: ಕ್ಯಾಂಪಿಂಗ್ ಮ್ಯೂಸಿಕ್ ಫೆಸ್ಟಿವಲ್‌ಗೆ ಹೊರಟವರಿಗೆ

ಬಲಗಡೆಯ ಹೆಗಲ ಪಟ್ಟಿ ಕಿತ್ತು ಬಂದಾಗ ನಾವು ಇನ್ನೂ ಗೇಟನ್ನೇ ಕಂಡಿರಲಿಲ್ಲ. ಪಾರ್ಕಿಂಗ್ ಬಿಟ್ಟು ಅರ್ಧ ದಾರಿ ನಡೆದಿದ್ದೆವು. ಟರ್ರ್ ಅಂತ ಸದ್ದಾಯಿತು. ಬ್ಯಾಗ್ ಎಡಗಡೆಗೆ ತಿರುಗಿ ನೇತಾಡಿತು, ಅದರ ಹಿಂದೆ ನಾನೂ ಒಂದು ಸುತ್ತು ತಿರುಗಿದೆ. ಪಕ್ಕದಲ್ಲಿದ್ದ ಗೆಳೆಯ ಹಿಡಿಯದಿದ್ದರೆ ಕೆಸರಿನಲ್ಲಿ ಅಂಗಾತ ಬೀಳುತ್ತಿದ್ದೆ. ಅವನು ಮೊದಲು ನಕ್ಕ. ಆಮೇಲೆ ಬ್ಯಾಗ್ ಎತ್ತಿ ನೋಡಿ, "ಏನೋ ಇದು, ಮನೆ ಖಾಲಿ ಮಾಡ್ಕೊಂಡು ಬಂದ್ಯಾ?" ಅಂದ.

ಬ್ಯಾಗ್ 18 ಕೆಜಿ ಇತ್ತು. ಹೊರಡುವ ಮೊದಲು ಮನೆಯಲ್ಲಿ ತೂಕದ ಯಂತ್ರದ ಮೇಲಿಟ್ಟು ನೋಡಿ, ಪರವಾಗಿಲ್ಲ ಬಿಡು, ಸ್ವಲ್ಪ ದೂರ ತಾನೇ ಅಂದುಕೊಂಡಿದ್ದೆ. ನನ್ನ ತೂಕ 64 ಕೆಜಿ. ನಮ್ಮ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಬಾರದು ಅಂತ ಟ್ರೆಕ್ಕಿಂಗ್ ಮಾಡುವವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಹಾಗೆ ನೋಡಿದರೆ ನನ್ನ ಮಿತಿ ಸುಮಾರು 13 ಕೆಜಿ. ಇದು ಗೊತ್ತಾಗಿದ್ದು ಆಮೇಲೆ.

ಆ ಬ್ಯಾಗ್ ಕೊಂಡಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ, ತಪ್ಪು ಶುರುವಾಗಿದ್ದೇ ಅಲ್ಲಿ. ಮೈದಾನದಲ್ಲೇ ಟೆಂಟ್ ಹಾಕಿಕೊಂಡು ಹಾಡು ಕೇಳುವ ಮೂರು ದಿನದ ಫೆಸ್ಟಿವಲ್. ಟಿಕೆಟ್‌ಗೆ ಆರು ತಿಂಗಳು ದುಡ್ಡು ಕೂಡಿಟ್ಟಿದ್ದೆ. ಯಾವ ವೇದಿಕೆಯಲ್ಲಿ ಎಷ್ಟು ಹೊತ್ತಿಗೆ ಯಾರು ಹಾಡುತ್ತಾರೆ ಅಂತ ಪಟ್ಟಿ ಮಾಡಿಟ್ಟಿದ್ದೆ. ಬ್ಯಾಗಿಗೆ ಮಾತ್ರ ಹತ್ತು ನಿಮಿಷ ಕೊಟ್ಟೆ, ಅದೂ ಹಿಂದಿನ ವಾರ, ಫೋನಿನಲ್ಲಿ. 80 ಲೀಟರ್, ವಾಟರ್‌ಪ್ರೂಫ್, 600 ಡಿ ಬಟ್ಟೆ, ಹದಿನಾಲ್ಕು ಜೇಬು, ಅರ್ಧ ಬೆಲೆ. ಇನ್ನೇನು ಬೇಕು?

ಕೆಳಗೆ ನೂರಾರು ಜನ ಐದು ಸ್ಟಾರ್ ಕೊಟ್ಟಿದ್ದರು. ಊರಿಗೆ ವಾಪಸ್ ಬಂದ ಮೇಲೆ ಅದನ್ನೆಲ್ಲ ಕೂತು ಓದಿದೆ. "ಬೇಗ ಬಂತು", "ಬಣ್ಣ ಫೋಟೋದಲ್ಲಿ ಇದ್ದ ಹಾಗೇ ಇದೆ", "ತುಂಬಾ ಹಗುರ". ಎಲ್ಲರೂ ಪೊಟ್ಟಣ ಬಿಚ್ಚಿದ ದಿನವೇ ಬರೆದವರು. ಅದಕ್ಕೆ 12 ಕೆಜಿ ತುಂಬಿ ಒಂದು ಗಂಟೆ ನಡೆದವರು ಒಬ್ಬರೂ ಇರಲಿಲ್ಲ. ಖಾಲಿ ಇದ್ದಾಗ ಎಲ್ಲ ಬ್ಯಾಗೂ ಚೆನ್ನಾಗಿಯೇ ಇರುತ್ತದೆ ರೀ.

ಹಗುರ ಅಂತ ಹೊಗಳಿದ್ದರಲ್ಲ, ಅದಕ್ಕೆ ಕಾರಣ ಒಳಗೆ ಫ್ರೇಮೇ ಇರಲಿಲ್ಲ. ಒಳ್ಳೆಯ ರಕ್‌ಸ್ಯಾಕ್‌ನ ಬೆನ್ನಿನ ಕಡೆ ಅಲ್ಯೂಮಿನಿಯಂ ಕಡ್ಡಿಗಳೋ ಗಟ್ಟಿ ಹಾಳೆಯೋ ಇರುತ್ತದೆ. ಅದು ಭಾರವನ್ನು ಹೆಗಲಿನಿಂದ ಸೊಂಟದ ಪಟ್ಟಿಗೆ ಇಳಿಸುತ್ತದೆ. ಸೊಂಟದ ಮೂಳೆ ಹೊರುವಷ್ಟು ಭಾರವನ್ನು ಹೆಗಲು ಹೊರಲಾರದು. ನನ್ನ ಬ್ಯಾಗಿಗೂ ಸೊಂಟದ ಪಟ್ಟಿ ಇತ್ತು, ಇಲ್ಲ ಅನ್ನುವುದಿಲ್ಲ. ಎರಡು ಬೆರಳು ಅಗಲದ ಬರೀ ನೈಲಾನ್ ಪಟ್ಟಿ, ಒಂದು ಬಕಲ್. ಪ್ಯಾಡ್ ಇಲ್ಲ. ಬಿಗಿ ಮಾಡಿದರೆ ಹೊಟ್ಟೆ ಕೊಯ್ಯುತ್ತಿತ್ತು, ಸಡಿಲ ಮಾಡಿದರೆ ಇದ್ದೂ ಇಲ್ಲದ ಹಾಗೆ. ಹಾಗಾಗಿ 18 ಕೆಜಿಯೂ ಹೆಗಲ ಮೇಲೆಯೇ ಕೂತಿತ್ತು. ಇಪ್ಪತ್ತು ನಿಮಿಷಕ್ಕೆ ಎರಡೂ ಕೈಯ ಬೆರಳು ಜುಮುಜುಮು ಅನ್ನತೊಡಗಿತು. ಮೂವತ್ತನೇ ನಿಮಿಷಕ್ಕೆ ಪಟ್ಟಿಯೇ ಹೋಯಿತು.

600 ಡಿ ಬಗ್ಗೆ ಒಂದು ಮಾತು. ಡಿ ಅಂದರೆ ಡೆನಿಯರ್. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ ಅದು. ಸಂಖ್ಯೆ ಜಾಸ್ತಿ ಆದಷ್ಟೂ ದಾರ ದಪ್ಪ. ಮಾರುವವರು ಸುಳ್ಳು ಹೇಳಿರಲಿಲ್ಲ, ಬಟ್ಟೆ ಇವತ್ತಿಗೂ ಕಲ್ಲಿನ ಹಾಗಿದೆ. ಹರಿದದ್ದು ಬಟ್ಟೆಯಲ್ಲ, ಹೊಲಿಗೆ. ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಒಂದೇ ಒಂದು ಸಾಲು ಹೊಲಿಗೆ ಹಾಕಿದ್ದರು. ಅಲ್ಲಿ ಒತ್ತಾಗಿ, ಹಿಂದಕ್ಕೂ ಮುಂದಕ್ಕೂ ಹಲವು ಸಲ ಹೊಲಿದ ಗಟ್ಟಿ ಗೆರೆ ಇರಬೇಕು. ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿ ಇರುತ್ತದಲ್ಲ, ಆ ಥರ. ಬ್ಯಾಗ್ ಕೈಗೆ ಬಂದ ತಕ್ಷಣ ಮೊದಲು ನೋಡಬೇಕಾದ ಜಾಗ ಅದು. ಆಮೇಲೆ ಜಿಪ್ಪಿನ ಎರಡು ತುದಿ. ಜೇಬು ಎಣಿಸುತ್ತಾ ಕೂರಬೇಡಿ, ನಾನು ಎಣಿಸಿದ್ದೆ.

ಗೆಳೆಯ ಟೆಂಟ್ ಕಟ್ಟುವ ಹಗ್ಗ ತೆಗೆದು ಪಟ್ಟಿಯನ್ನು ಹೇಗೋ ಬಿಗಿದುಕೊಟ್ಟ. ನನ್ನ ಕಡೆಯ ಟೆಂಟ್ ಕಡ್ಡಿಗಳನ್ನೂ ನೀರಿನ ಬಾಟಲಿಗಳನ್ನೂ ತನ್ನ ಬ್ಯಾಗಿಗೆ ಹಾಕಿಕೊಂಡ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಒಳಗೆ ನೀರಿನ ನಲ್ಲಿ ಇದೆ ಅಂತ ಟಿಕೆಟ್ ಜೊತೆ ಬಂದ ಸೂಚನೆಯಲ್ಲೇ ಬರೆದಿದ್ದರೂ ನಾನು ನಾಲ್ಕು ಲೀಟರ್ ಹೊತ್ತು ತಂದಿದ್ದೆ! 80 ಲೀಟರ್ ಬ್ಯಾಗ್ ಮಾಡುವ ಕೆಲಸವೇ ಇದು. ಜಾಗ ಇದೆಯಲ್ಲ ಅಂತ ಮನಸ್ಸು ತುಂಬುತ್ತಲೇ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಾನು ಕಾಲು ಚಾಚುವುದಕ್ಕೆ ಅಂತಲೇ ದೊಡ್ಡ ಹಾಸಿಗೆ ಕೊಂಡಿದ್ದೆ. ಎರಡು ಮೂರು ರಾತ್ರಿಗೆ 50ರಿಂದ 65 ಲೀಟರ್ ಧಾರಾಳ ಸಾಕು. ಟೆಂಟ್ ಹಂಚಿಕೊಂಡು ಹೋಗುವವರಿಗೆ 50 ಸಾಕು.

ಗೇಟಿನಲ್ಲಿ ಇನ್ನೊಂದು ಕಥೆ. ತಪಾಸಣೆಯವರು ಬ್ಯಾಗ್ ತೆಗೆಯಿರಿ ಅಂದರು. ನನ್ನದು ಮೇಲಿನಿಂದ ಮಾತ್ರ ತೆರೆಯುವ ಬ್ಯಾಗ್, ಬಾವಿಯ ಥರ. ಒಳಗೆ ಏನಿದೆ ನೋಡಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕು. ಸುರಿದೆ. ಹಿಂದೆ ನಿಂತವರು ಗೊಣಗತೊಡಗಿದರು. ಅಷ್ಟರಲ್ಲಿ ಮಳೆ ಹನಿ ಶುರುವಾಯಿತು. ಕೆಳಗೆಲ್ಲೋ ಇದ್ದ ಒಂದು ಗಾಜಿನ ಶೀಶೆಯನ್ನು ತೆಗೆದು ಡಬ್ಬಕ್ಕೆ ಹಾಕಿದರು, ಅದು ನನ್ನದೇ ತಪ್ಪು, ಇಂಥ ಕಡೆ ಗಾಜು ಬಿಡುವುದಿಲ್ಲ. ಆದರೆ ಒಳ ಉಡುಪಿನಿಂದ ಹಿಡಿದು ಟೂತ್‌ಬ್ರಷ್‌ವರೆಗೆ ಎಲ್ಲವನ್ನೂ ನೂರು ಜನರ ಮುಂದೆ ಮತ್ತೆ ತುರುಕಿದ್ದು ಇದೆಯಲ್ಲ, ಅದು ಬ್ಯಾಗಿನ ತಪ್ಪು. ಮುಂಭಾಗಕ್ಕೆ ಸೂಟ್‌ಕೇಸ್ ಹಾಗೆ ಜಿಪ್ ಇರುವ ಬ್ಯಾಗ್‌ಗಳು ಸಿಗುತ್ತವೆ. ಟ್ರೆಕ್ಕಿಂಗ್‌ಗೆ ಮೇಲಿನಿಂದ ತೆರೆಯುವುದೇ ಒಳ್ಳೆಯದು ಅಂತ ಹಳಬರು ವಾದ ಮಾಡುತ್ತಾರೆ, ಜಿಪ್ ಕಮ್ಮಿ ಇದ್ದಷ್ಟು ಕೆಡುವುದು ಕಮ್ಮಿ ಅಂತ. ಬೆಟ್ಟಕ್ಕೆ ಸರಿ ಇರಬಹುದು. ರಾತ್ರಿ ಎರಡು ಗಂಟೆಗೆ ಕತ್ತಲೆ ಟೆಂಟಿನಲ್ಲಿ ಕಾಲುಚೀಲ ಹುಡುಕುವವರಿಗೆ ಮುಂದಿನ ಜಿಪ್ಪೇ ದೇವರು.

ಇನ್ನು ಮಳೆ.

ವಾಟರ್‌ಪ್ರೂಫ್ ಅಂತ ಬರೆದಿದ್ದನ್ನು ನಂಬಿ ನಾನು ರೈನ್ ಕವರ್ ತೆಗೆದುಕೊಂಡಿರಲಿಲ್ಲ. ಟೆಂಟ್ ಹಾಕುವ ಜಾಗ ಸಿಗುವವರೆಗೆ ಒಂದು ಗಂಟೆ ಜೋರು ಮಳೆಯಲ್ಲಿ ನಿಂತೆವು. ಬಟ್ಟೆಯ ಒಳಮೈಗೆ ಪ್ಲಾಸ್ಟಿಕ್ ಥರದ ಲೇಪನ ಇರುತ್ತದೆ, ಅದರ ಮೂಲಕ ನೀರು ಬರಲಿಲ್ಲ ನಿಜ. ಬಂದಿದ್ದು ಹೊಲಿಗೆಯ ತೂತಿನಿಂದ, ಜಿಪ್ಪಿನ ಹಲ್ಲಿನ ಸಂದಿಯಿಂದ. ಸೂಜಿ ಚುಚ್ಚಿದಲ್ಲೆಲ್ಲ ಒಂದು ತೂತು ಅಲ್ವಾ? ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದರೆ ಮಾತ್ರ ನೀರು ನಿಲ್ಲುತ್ತದೆ. ನನ್ನದರಲ್ಲಿ ಟೇಪ್ ಇರಲಿಲ್ಲ. ಲೇಪನ ಒಳ್ಳೆಯದಿದ್ದ ಕಾರಣಕ್ಕೆ ಒಳಗೆ ಬಂದ ನೀರು ಹೊರಗೂ ಹೋಗಲಿಲ್ಲ, ತಳದಲ್ಲಿ ಕೆರೆಯ ಹಾಗೆ ನಿಂತಿತು. ತಳದಲ್ಲಿ ಏನಿತ್ತು ಹೇಳಿ? ಸ್ಲೀಪಿಂಗ್ ಬ್ಯಾಗ್. ಅದೂ ಗರಿ ತುಂಬಿದ್ದು, ಅಕ್ಕನ ಹತ್ತಿರ ಕಾಡಿ ಬೇಡಿ ತಂದಿದ್ದು. ಗರಿ ಒದ್ದೆಯಾದರೆ ಮುದ್ದೆಯಾಗುತ್ತದೆ, ಬೆಚ್ಚಗೆ ಇಡುವ ಗುಣವೇ ಹೋಗುತ್ತದೆ. ಆ ರಾತ್ರಿ ಇದ್ದಬದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಹಲ್ಲು ಕಡಿಯುತ್ತಾ ಕೂತಿದ್ದೆ. ದೂರದಲ್ಲಿ ನಾನು ನೋಡಲೇಬೇಕು ಅಂತ ಬಂದಿದ್ದ ಬ್ಯಾಂಡ್ ಹಾಡುತ್ತಿತ್ತು. ನನಗೆ ಬಾಸ್‌ನ ಧಂ ಧಂ ಸದ್ದು ಮಾತ್ರ ಕೇಳುತ್ತಿತ್ತು.

ರೈನ್ ಕವರ್ ಇದ್ದಿದ್ದರೆ ಉಳಿಯುತ್ತಿದ್ದೆನಾ? ಪೂರ್ತಿ ಇಲ್ಲ. ಕವರ್ ಹೊರಗಡೆಯನ್ನು ಮಾತ್ರ ಮುಚ್ಚುತ್ತದೆ. ಬೆನ್ನಿನ ಕಡೆ ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಗಾಳಿ ಜೋರಾದರೆ ಕವರ್ ಹಾರಿಯೂ ಹೋಗುತ್ತದೆ. ಗೆಳೆಯ ಮಾಡಿದ್ದು ತುಂಬಾ ಸುಲಭದ ಕೆಲಸ. ಬ್ಯಾಗಿನ ಒಳಗೆ ಮೊದಲು ಒಂದು ದಪ್ಪ, ದೊಡ್ಡ ಕಸದ ಚೀಲ ಹಾಕಿ, ಅದರೊಳಗೆ ಸಾಮಾನು ತುಂಬಿ, ಬಾಯಿ ತಿರುಚಿ ಒಳಗೆ ಮಡಚಿದ್ದ. ಅವನ ಬ್ಯಾಗೂ ಹೊರಗಿನಿಂದ ತೊಪ್ಪೆಯಾಗಿತ್ತು, ಒಳಗೆ ಒಂದು ಹನಿ ಇಲ್ಲ. ವಾಪಸ್ ಬರುವಾಗ ಅದೇ ಚೀಲಕ್ಕೆ ಕೆಸರಿನ ಬಟ್ಟೆ ತುಂಬಿದ.

ಚಕ್ರದ ಟ್ರಾಲಿ ಬ್ಯಾಗ್ ತಂದವರನ್ನು ನೋಡಿ ಮೊದಲು ಹೊಟ್ಟೆ ಉರಿದಿತ್ತು. ಮಳೆ ಬಂದ ಮೇಲೆ ಅವರ ಪಾಡು ನನಗಿಂತ ಕೆಟ್ಟದಾಯಿತು. ಚಕ್ರ ತಿರುಗದೆ, ಕೆಸರಿನಲ್ಲಿ ಎಳೆಯಲೂ ಆಗದೆ, ಕೊನೆಗೆ ತಲೆ ಮೇಲೆ ಹೊತ್ತರು. 2023ರಲ್ಲಿ ಜರ್ಮನಿಯ ವಾಕನ್ ಫೆಸ್ಟಿವಲ್‌ನಲ್ಲಿ ಮಳೆಗೆ ಮೈದಾನವೆಲ್ಲ ರಾಡಿಯಾಗಿ, ಟಿಕೆಟ್ ಇದ್ದವರನ್ನೂ ಒಳಗೆ ಬಿಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಮೈದಾನ ಅಂದರೆ ಮಣ್ಣು, ಮಣ್ಣಿಗೆ ಸಾವಿರಾರು ಕಾಲು ಬಿದ್ದು ಮೇಲಿಂದ ಮಳೆ ಸುರಿದರೆ ಹೀಗೇ. ಬೆನ್ನಿನ ಮೇಲೆ ಹೊರುವ ಬ್ಯಾಗೇ ಸರಿ, ಸರಿಯಾದದ್ದು ಆಗಿದ್ದರೆ.

ಚಿಕ್ಕ ಬ್ಯಾಗ್ ಮರೆತದ್ದು ಎರಡನೇ ದಿನದ ಪೆಟ್ಟು. ದೊಡ್ಡ ಬ್ಯಾಗ್ ಟೆಂಟಿನಲ್ಲಿ ಬಿಟ್ಟು ವೇದಿಕೆ ಹತ್ತಿರ ಹೋಗಬೇಕು, ಆದರೆ ಫೋನು, ನೀರು, ರೇನ್‌ಕೋಟ್ ಎಲ್ಲಿಡುವುದು? ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಕುಣಿದೆ. ಮಡಚಿದರೆ ಮುಷ್ಟಿಯಲ್ಲಿ ಹಿಡಿಯುವಂಥ ಪುಟ್ಟ ಬ್ಯಾಗ್ ಒಂದನ್ನು ದೊಡ್ಡದರ ಒಳಗೆ ಹಾಕಿಕೊಳ್ಳಿ. ಕೆಲವು ಕಡೆ ಎ4 ಹಾಳೆಗಿಂತ ದೊಡ್ಡದನ್ನು ವೇದಿಕೆಯ ಆವರಣಕ್ಕೆ ಬಿಡುವುದಿಲ್ಲ, ಕೆಲವು ಕಡೆ ಒಳಗೆ ಕಾಣುವ ಪಾರದರ್ಶಕ ಬ್ಯಾಗೇ ಬೇಕು ಅಂತಾರೆ. ನೀವು ಹೋಗುವ ಫೆಸ್ಟಿವಲ್‌ನ ನಿಯಮ ಓದಿಕೊಂಡೇ ಕೊಳ್ಳಿ. ಟೆಂಟಿನಲ್ಲಿ ಬಿಡುವ ಬ್ಯಾಗಿಗೆ ಬೀಗ ಹಾಕುವ ಬಗ್ಗೆ ಕೇಳುತ್ತಾರೆ. ನಾನು ಹಾಕಿದ್ದೆ. ಅಲ್ಲೇ ಪಕ್ಕದ ಟೆಂಟಿನವರು, "ಒಳಗೆ ಬೆಲೆ ಬಾಳೋದು ಇದೆ ಅಂತ ಬೋರ್ಡ್ ಹಾಕಿದ ಹಾಗಾಯ್ತು" ಅಂದರು. ಸರಿ ಅನ್ನಿಸಿ ತೆಗೆದುಬಿಟ್ಟೆ. ದುಡ್ಡು, ಫೋನು ಮೈಮೇಲೇ ಇರಲಿ.

ಮೂರನೇ ದಿನ ವಾಪಸ್ ಹೊರಟಾಗ ಬ್ಯಾಗ್ ಬಂದಾಗ ಇದ್ದದ್ದಕ್ಕಿಂತ ಭಾರ ಆಗಿತ್ತು, ತಿಂಡಿ ಎಲ್ಲ ಖಾಲಿಯಾಗಿದ್ದರೂ. ಒದ್ದೆ ಟೆಂಟು, ಒದ್ದೆ ಸ್ಲೀಪಿಂಗ್ ಬ್ಯಾಗು. ಒಮ್ಮೆ ಬಿಚ್ಚಿದ ಟೆಂಟ್ ಅದರದೇ ಚೀಲಕ್ಕೆ ಮತ್ತೆ ಹೋಗುವುದಿಲ್ಲ, ಯಾಕೋ ಗೊತ್ತಿಲ್ಲ, ಪ್ರಪಂಚದ ಯಾವ ಟೆಂಟೂ ಹೋಗುವುದಿಲ್ಲ. ಅದಕ್ಕೇ ಮನೆಯಿಂದ ಹೊರಡುವಾಗ ಬ್ಯಾಗಿನಲ್ಲಿ ಸ್ವಲ್ಪ ಜಾಗ ಖಾಲಿ ಇರಬೇಕು.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಬಳಸಿದ ಮಾಲು ವಾಪಸ್ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಬಳಸದೆ ಹೊಲಿಗೆ ಬಿಡುತ್ತದೆ ಅಂತ ಹೇಗೆ ಗೊತ್ತಾಗಬೇಕು ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ.

ಎರಡನೇ ಬ್ಯಾಗನ್ನು ಅಂಗಡಿಗೇ ಹೋಗಿ ಕೊಂಡೆ. ಅಲ್ಲಿ ಕೆಲಸ ಮಾಡುವ ಹುಡುಗಿ ಮೊದಲು ಲೀಟರ್ ಕೇಳಲೇ ಇಲ್ಲ, ಬೆನ್ನು ಅಳೆದಳು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ, ಅಲ್ಲಿಂದ ಶುರು. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳು ಹಿಂದಕ್ಕೆ ಮಾಡಿದರೆ, ಆ ಎರಡು ಹೆಬ್ಬೆರಳಿನ ನಡುವಿನ ಗೆರೆ ಬೆನ್ನುಮೂಳೆಯನ್ನು ಮುಟ್ಟುವ ಜಾಗದವರೆಗೆ. ಅದೇ ನಮ್ಮ ಅಳತೆ. ಬರೀ ಎತ್ತರ ನೋಡಿ ಇದನ್ನು ಹೇಳುವುದಕ್ಕೆ ಆಗುವುದಿಲ್ಲ. ನಾನು ಉದ್ದ ಇದ್ದೇನೆ, ಆದರೆ ಉದ್ದ ಎಲ್ಲ ಕಾಲಿನಲ್ಲಿ, ಬೆನ್ನು ಗಿಡ್ಡ. ಹಳೆ ಬ್ಯಾಗಿನ ಸೊಂಟದ ಪಟ್ಟಿ ನನಗೆ ಸೊಂಟಕ್ಕಿಂತ ಕೆಳಗೆ ಬರುತ್ತಿದ್ದುದು ಅದಕ್ಕೇ.

ಆಮೇಲೆ ಒಳಗೆ ಮರಳು ಚೀಲ ಹಾಕಿ 10 ಕೆಜಿ ಮಾಡಿದಳು. ಎಲ್ಲ ಪಟ್ಟಿ ಸಡಿಲ ಮಾಡಿ ಹೊತ್ತು, ಮೊದಲು ಸೊಂಟದ್ದು, ಆಮೇಲೆ ಹೆಗಲಿನದು, ಕೊನೆಗೆ ಎದೆಯದು, ಈ ಕ್ರಮದಲ್ಲಿ ಬಿಗಿ ಮಾಡಿಸಿದಳು. ಕಾಲು ಗಂಟೆ ಅಂಗಡಿಯ ಮೆಟ್ಟಿಲು ಹತ್ತಿ ಇಳಿಸಿದಳು. ಮೂರು ಬ್ಯಾಗ್‌ಗಳಲ್ಲಿ ಒಂದು ಕತ್ತಿಗೆ ಉಜ್ಜಿತು, ಇನ್ನೊಂದು ಹಿಂದಕ್ಕೆ ಎಳೆಯಿತು. ಮೂರನೆಯದನ್ನು ಹೊತ್ತಾಗ ಹೆಗಲ ಪಟ್ಟಿಯ ಕೆಳಗೆ ಬೆರಳು ಸುಲಭವಾಗಿ ಹೋಯಿತು. ಭಾರ ಸೊಂಟದ ಮೇಲೆ ಕೂತಿದೆ ಅನ್ನುವುದಕ್ಕೆ ಅದೇ ಗುರುತು. 55 ಲೀಟರ್, ಬಣ್ಣ ಚೆನ್ನಾಗಿಲ್ಲ, ಜೇಬು ನಾಲ್ಕೇ.

ತುಂಬುವಾಗಲೂ ಕ್ರಮ ಇದೆ. ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಚೀಲದೊಳಗೆ ಕಟ್ಟಿದ್ದು. ಭಾರದ ಸಾಮಾನು ಮಧ್ಯದಲ್ಲಿ, ಬೆನ್ನಿಗೆ ಅಂಟಿಕೊಂಡ ಹಾಗೆ. ಹಗುರದ್ದು ಹೊರಗಡೆಗೆ, ರೇನ್‌ಕೋಟ್ ಮತ್ತು ಟಾರ್ಚ್ ಎಲ್ಲಕ್ಕಿಂತ ಮೇಲೆ. ಹೊರಗೆ ಏನನ್ನೂ ನೇತುಹಾಕಬೇಡಿ. ನೇತಾಡುವ ಚೊಂಬು, ಚಪ್ಪಲಿ ಪ್ರತಿ ಹೆಜ್ಜೆಗೂ ನಿಮ್ಮನ್ನು ಪಕ್ಕಕ್ಕೆ ಎಳೆಯುತ್ತದೆ, ಜನರ ಮಧ್ಯೆ ಹೋಗುವಾಗ ಇನ್ನೊಬ್ಬರ ಮುಖಕ್ಕೂ ಬಡಿಯುತ್ತದೆ.

ಹಳೆ ಬ್ಯಾಗ್ ಅಟ್ಟದ ಮೇಲಿದೆ, ಕಂಬಳಿ ತುಂಬಿಕೊಂಡು. ಹೋದ ವಾರ ತಮ್ಮ ಅದನ್ನು ಇಳಿಸಿ, ಪಟ್ಟಿ ಹೊಲಿಸಿಕೊಂಡು ಬಂದು, "ಅಣ್ಣಾ, ಇಷ್ಟು ದೊಡ್ಡ ಬ್ಯಾಗ್ ಸುಮ್ನೆ ಯಾಕೆ ಇಟ್ಟಿದ್ದೀಯಾ, ನಾನು ಫೆಸ್ಟಿವಲ್‌ಗೆ ತಗೊಂಡು ಹೋಗ್ತೀನಿ" ಅಂದ. ಬೇಡ ಅನ್ನಲಿಲ್ಲ. ಎರಡು ಲೀಟರಿನ ಆರು ಬಾಟಲಿ ನೀರು ತುಂಬಿಕೊಟ್ಟು, ಇದನ್ನು ಹೊತ್ತು ಟೆರೇಸಿಗೆ ಮೂರು ಸಲ ಹೋಗಿ ಬಾ ಅಂದೆ. ಮೊದಲನೇ ಮಹಡಿಯಿಂದಲೇ ವಾಪಸ್ ಬಂದ.