ಗಂಗೋತ್ರಿಯಲ್ಲಿ ಅರ್ಧ ದಿನ, ಆಮೇಲೆ ಯಾವ ದಾರಿ?

ಕೊಡಗಿನಿಂದ ಬೆಂಗಳೂರಿಗೆ ಕಾರಿನಲ್ಲಿ ಮರಳುವವರಿಗೆ ಹಿನಕಲ್ ಬಳಿ ಮೈಸೂರಿನ ಹೊರ ವರ್ತುಲ ರಸ್ತೆ ಎದುರಾಗುತ್ತದೆ. ಎಡಕ್ಕೆ ಹೊರಳಿದರೆ ಊರಿನ ಗೊಡವೆಯೇ ಇಲ್ಲದೆ ಬೆಂಗಳೂರು ಹೆದ್ದಾರಿ ಸೇರಬಹುದು. ನೇರ ಹೋದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣ, ಮಾನಸಗಂಗೋತ್ರಿ. ಅಲ್ಲಿ ಓದಿದವರಿಗೆ ಎಡಕ್ಕೆ ಹೊರಳುವುದು ಅಷ್ಟು ಸುಲಭವಲ್ಲ. ನನ್ನ ಹೆಂಡತಿ ಓದಿದ್ದು ಧಾರವಾಡದಲ್ಲಿ. ಗಂಗೋತ್ರಿಯ ಗೇಟಿನಲ್ಲಿ ಕಾರು ನಿಧಾನವಾಗುತ್ತಿದ್ದಂತೆ, “ರೀ, ಆ ಕಟ್ಟಡ ಹೋದ ಸಲ ನೋಡಿದ ಹಾಗೆಯೇ ಇದೆ” ಎನ್ನುತ್ತಾಳೆ. ಇದ್ದರೆ ಇರಲಿ.

ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಲು ಮೂರು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ: ಹೊಸ ದಶಪಥ ಹೆದ್ದಾರಿ, ಅದರ ಮಗ್ಗುಲಲ್ಲೇ ಉಳಿದಿರುವ ಹಳೆಯ ಮಂಡ್ಯ ರಸ್ತೆ, ಮತ್ತು ಬನ್ನೂರು, ಮಳವಳ್ಳಿ, ಕನಕಪುರದ ದಾರಿ. ಯಾವುದು ಒಳ್ಳೆಯದು ಎಂದು ಕೇಳಿದರೆ, ಮೈಸೂರಿನಿಂದ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಸಂಜೆಯವರೆಗೆ ಇರುವುದಾದರೆ ಹೆದ್ದಾರಿಯೇ ಸರಿ, ಎರಡನೆಯ ಮಾತಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯ ಮುಖ್ಯ ಪಥ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಹೋಗುತ್ತದೆ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿಯಲ್ಲಿ ಈಗ ಒಂದೂವರೆ ಗಂಟೆಗೆಲ್ಲ ಕೆಂಗೇರಿಯ ಆಸುಪಾಸಿಗೆ ಬಂದಿರುತ್ತೇವೆ. ಆ ಉಳಿತಾಯವನ್ನು ನಾನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಖರ್ಚು ಮಾಡುತ್ತೇನೆ. ಗಂಗೋತ್ರಿಗೆ ಆ ಹೆಸರಿಟ್ಟ ಕುವೆಂಪು ಅವರು ನಡೆದಾಡಿದ ಏರಿ ಅದು. ಬಿಸಿಲು ಇಳಿಯುವ ಹೊತ್ತಿಗೆ ಹೆಜ್ಜಾರ್ಲೆಗಳು ನಡುಗಡ್ಡೆಯ ಮರಗಳಿಗೆ ಮರಳುತ್ತವೆ. ಅಷ್ಟು ದೊಡ್ಡ ಹಕ್ಕಿ ಬಂದು ಕೂತಾಗ ಕೊಂಬೆ ಬಾಗಿ, ಪಕ್ಕದ ಹಕ್ಕಿ ರೆಕ್ಕೆ ಬಿಚ್ಚಿ ಸಮತೋಲ ಕಂಡುಕೊಂಡು, ಮತ್ತೆ ಎರಡೂ ಕೊಕ್ಕು ತಗ್ಗಿಸಿ ಸುಮ್ಮನಾಗುವುದನ್ನು ನೋಡುತ್ತಾ ಕೂತರೆ ಆರೂವರೆ ಆಗುವುದು ಗೊತ್ತಾಗುವುದಿಲ್ಲ. (ಹೆಂಡತಿ ಇಲ್ಲಿ ಧಾರವಾಡದ ಸಾಧನಕೇರಿ ಕೆರೆಯ ಮಾತು ತೆಗೆಯುತ್ತಾಳೆ. ಅದು ಬೇರೆಯೇ ಜಗಳ.) ಹಿಂದೆ ಇಷ್ಟು ತಡವಾಗಿ ಹೊರಟರೆ ಮಂಡ್ಯದಲ್ಲೇ ಊಟದ ಹೊತ್ತಾಗುತ್ತಿತ್ತು.

ಹೆದ್ದಾರಿಯ ಬಗ್ಗೆ ಹೇಳಲು ಅದಕ್ಕಿಂತ ಹೆಚ್ಚೇನಿಲ್ಲ. ಗಣಂಗೂರಿನಲ್ಲಿ ಒಂದು, ಬಿಡದಿ ಬಳಿ ಇನ್ನೊಂದು ಟೋಲ್. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಕ್ಯಾಮೆರಾಗಳಿವೆ, ದಂಡದ ಸಂದೇಶ ಮೊಬೈಲಿಗೆ ಬರುತ್ತದೆ. ಕಾಫಿ ಬೇಕೆಂದರೆ ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯುವ ಜಾಗ ತಪ್ಪಿದರೆ ಮುಂದಿನದು ಬರುವವರೆಗೆ ಬಾಯಿ ಒಣಗಿಸಿಕೊಂಡು ಹೋಗಬೇಕು. ಭಾನುವಾರ ಸಂಜೆಯಾದರೆ ಲೆಕ್ಕವೇ ಬೇರೆ: ಗಳಿಸಿದ ಸಮಯವನ್ನೆಲ್ಲ ಕುಂಬಳಗೋಡಿನಿಂದ ನಾಯಂಡಹಳ್ಳಿಯೊಳಗೆ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಬನಶಂಕರಿ, ಜೆ.ಪಿ. ನಗರದ ಕಡೆಯವರು ನೈಸ್ ರಸ್ತೆ ಹಿಡಿದು ಕನಕಪುರ ರಸ್ತೆಗೆ ಇಳಿದರೆ ಪಾರು. ಅದಕ್ಕೂ ಪ್ರತ್ಯೇಕ ಟೋಲ್ ಇದೆ ಎನ್ನುವುದು ನೆನಪಿರಲಿ.

ಹಳೆಯ ರಸ್ತೆಯನ್ನು ಹೊಗಳಬೇಕೆಂಬ ಆಸೆ ನನಗಿತ್ತು. ಓದುವ ದಿನಗಳಲ್ಲಿ ಕೆಂಪು ಬಸ್ಸಿನ ಕಿಟಕಿಯಲ್ಲಿ ಕಂಡ ಊರುಗಳು ಅವು. ಆದರೆ ಈಗ ಅದರ ಬಹುಭಾಗ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ. 2023ರ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಬಿಡುವುದಿಲ್ಲವಾದ್ದರಿಂದ ಅವೆಲ್ಲ ಇಲ್ಲೇ ಇವೆ. ಒಂದು ಪಕ್ಕ ಕಬ್ಬಿಣದ ಬೇಲಿ, ಇನ್ನೊಂದು ಪಕ್ಕ ಎದುರಿನಿಂದಲೇ ಬರುವ ಬೈಕು. ಊರೊಳಗೆ ಹೊಕ್ಕಾಗ ಮಾತ್ರ ಜೀವ ಬರುತ್ತದೆ. ಚನ್ನಪಟ್ಟಣದಲ್ಲಿ ಆಟಿಕೆ ಮಾಡುವ ಮನೆಯೊಂದರ ಮುಂದೆ ನಿಂತು ನೋಡಿ: ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿಯಿಂದ ಒಂದು ಸಲ ತಿಕ್ಕಿದರೆ ಹೊಳಪು ಬಂದುಬಿಡುತ್ತದೆ. ಕುಂಚದ ಸೋಂಕೇ ಇಲ್ಲ. ಇದನ್ನು ನೋಡಲೆಂದೇ ಇಳಿಯಬಹುದು, ಆದರೆ ಅದಕ್ಕಾಗಿ ಮೈಸೂರಿನಿಂದಲೇ ಹಳೆಯ ರಸ್ತೆಯಲ್ಲಿ ನರಳಿಕೊಂಡು ಬರಬೇಕಾಗಿಲ್ಲ. ಮದ್ದೂರು ವಡೆಯದೂ ಇದೇ ಕಥೆ. ಅಂಚು ಗರಿಗರಿಯಾಗಿ, ನಡುವೆ ಈರುಳ್ಳಿ ಸಿಹಿಯಾಗಿ ಬೆಂದಿದ್ದರೆ ಅದಕ್ಕೆ ಚಟ್ನಿಯೂ ಬೇಡ. ಹೆದ್ದಾರಿಯಿಂದ ಮದ್ದೂರಿಗೆ ಇಳಿದು, ತಿಂದು, ಮತ್ತೆ ಹತ್ತಿದರಾಯಿತು. ಹಳೆಯ ರಸ್ತೆಗೆ ನನ್ನಿಂದ ಮೂರನೆಯ ಸ್ಥಾನ.

ನನ್ನ ಮನಸ್ಸಿರುವುದು ಬನ್ನೂರಿನ ದಾರಿಯಲ್ಲಿ. ಸುಮಾರು 140 ಕಿ.ಮೀ., ಮೂರರಿಂದ ಮೂರೂವರೆ ಗಂಟೆ. ಇದಕ್ಕೆ ಮೈಸೂರನ್ನು ಹನ್ನೆರಡರೊಳಗೆ ಬಿಡಬೇಕು. ಎಂದರೆ ಕುಶಾಲನಗರದಿಂದ ನಸುಕಿನಲ್ಲೇ ಹೊರಟು, ನಜರ್‌ಬಾದಿನಲ್ಲಿ ಮೈಲಾರಿ ದೋಸೆಗೆ ಸಾಲು ನಿಂತು, ಗಂಗೋತ್ರಿಯಲ್ಲಿ ಒಂದು ಸುತ್ತು ಹಾಕಿ ಮುಗಿಸಬೇಕು. ಕೆರೆಯ ಸಂಜೆ ಕೈಬಿಟ್ಟು ಹೋಗುತ್ತದೆ. ಬದಲಿಗೆ ಕಾವೇರಿ ದಾಟಿ ಬನ್ನೂರು ಸೇರಿ, ಸ್ವಲ್ಪ ಬಳಸಿದರೆ ಸೋಮನಾಥಪುರ. 13ನೆಯ ಶತಮಾನದ ಈ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೊ ಪಟ್ಟಿ ಸೇರಿತು. ಓದುವಾಗ ಮೈಸೂರಿನಲ್ಲೇ ಇದ್ದೂ ನಾವು ಇಲ್ಲಿಗೆ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ತಲೆ ಎತ್ತಿ ನೋಡಿ: ಒಂದು ಛಾವಣಿಯ ನಡುವಿನಿಂದ ಕಲ್ಲಿನ ಬಾಳೆಮೊಗ್ಗು ಇಳಿಬಿದ್ದಿದೆ, ಪಕ್ಕದ್ದು ಬೇರೆ ಕೆತ್ತನೆ, ಅದರಾಚೆಯದು ಇನ್ನೂ ಬೇರೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗಿನ ಕಲ್ಲು ಕಾದಿರುತ್ತದೆ, ಚಪ್ಪಲಿ ಬಿಟ್ಟವರು ಓಡುವುದೇ.

ಮಳವಳ್ಳಿಯವರೆಗೆ ಗದ್ದೆ, ಕಬ್ಬು, ನಾಲೆ. ಹಲಗೂರು ದಾಟಿದ ಮೇಲೆ ನೀರಾವರಿ ಮುಗಿದು ಹುರುಳಿ, ರಾಗಿಯ ಸೀಮೆ. ಸುಗ್ಗಿಯ ಕಾಲದಲ್ಲಿ ಇಲ್ಲಿ ರಸ್ತೆಯೇ ಕಣ. ಹುರುಳಿಯ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸಿ ನಮ್ಮ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ನೋಡಲು ಚೆಂದ, ಆದರೆ ಒಣ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿಗೆ ಬೆಂಕಿ ಹತ್ತುವ ಅಪಾಯವಿದೆ. ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಎಳೆದು ಹಾಕುವುದು ಒಳ್ಳೆಯದು. ಬೈಕಿನವರು ಚಕ್ರ ಜಾರದಂತೆ ನಿಧಾನವಾಗಿ ದಾಟಬೇಕು. ಆದರೂ ಹೆದ್ದಾರಿಯ ಮುಖ್ಯ ಪಥ ಮುಚ್ಚಿರುವ ಅವರಿಗೆ ಸರ್ವಿಸ್ ರಸ್ತೆಗಿಂತ ಇದೇ ವಾಸಿ.

ಈ ದಾರಿಯ ಕೊರತೆ ಇರುವುದು ಕೊನೆಯಲ್ಲಿ. ಕತ್ತಲಾದ ಮೇಲೆ ಹಲಗೂರು, ಸಾತನೂರುಗಳ ನಡುವೆ ಎದುರಿನ ದೀಪಗಳು ಕಣ್ಣು ಕುಕ್ಕುತ್ತವೆ. ಕಗ್ಗಲೀಪುರದಿಂದ ಬೆಂಗಳೂರಿನ ಜಂಗುಳಿ ಶುರು. ಐದು ಗಂಟೆಯೊಳಗೆ ಅಲ್ಲಿಗೆ ಬಂದರೆ ಸರಿ. ಹಾಗಾಗದು ಅನ್ನಿಸಿದರೆ ಬನ್ನೂರಿನ ಆಸೆ ಬಿಟ್ಟು, ಗಂಗೋತ್ರಿಯಲ್ಲೇ ಇನ್ನೊಂದು ಕಾಫಿ ಕುಡಿದು, ಕೆರೆಯ ಕಡೆ ನಡೆಯಿರಿ. ಹೆದ್ದಾರಿ ರಾತ್ರಿಯೂ ಇರುತ್ತದೆ.